ಹಡಗಿನಿಂದ ಇಳಿಯದ ಒಲೆ

ಲೆಮ್ಮರ್,
ಗುರುವಾರ, 17 ನವೆಂಬರ್ 1988

ಪ್ರೀತಿಯ ಡೀನಾ,

ಹೇಗಿದ್ದೀಯಮ್ಮ? ಹೋದ ಚಳಿಗಾಲದಲ್ಲಿ ನಿನ್ನ ಬೆರಳ ಗೆಣ್ಣುಗಳು ಬಿರಿದು ರಕ್ತ ಒಸರುತ್ತಿತ್ತು. ಆಗ ಮನೆಯಲ್ಲಿದ್ದೆ, ಈಗ ಹಡಗಿನ ಮೇಲಿದ್ದೀಯ, ತಂತಿಹಗ್ಗ ಹಿಡಿಯುವ ಕೆಲಸ. ಕೈಗವಸು ಹಾಕಿಕೊಳ್ಳುತ್ತೀಯ ತಾನೆ? ರೈಂಡರ್‌ನನ್ನು ಕೇಳಿದರೆ ಚರ್ಮ ತಾನಾಗಿ ಗಟ್ಟಿಯಾಗುತ್ತದೆ ಅನ್ನುತ್ತಾನೆ. ಅವನು ನನ್ನ ಮಗ, ಈ ವಿಷಯದಲ್ಲಿ ಅವನ ಮಾತು ಕೇಳಬೇಡ. ಅವನ ಸೊಂಟ ನೋವು ಹೇಗಿದೆ? ದಿನಾ ಬೆಳಗ್ಗೆ ರೇಡಿಯೋದಲ್ಲಿ ನದಿಗಳ ನೀರಿನ ಮಟ್ಟ ಓದುವಾಗ ನಾನು ಕಾಫಿ ಬಟ್ಟಲನ್ನು ಕೆಳಗಿಟ್ಟು ಕೇಳುತ್ತೇನೆ. ಕೊಲೋನ್‌ನಲ್ಲಿ ಮತ್ತೆ ಒಂಬತ್ತು ಸೆಂಟಿಮೀಟರ್ ಇಳಿದಿದೆಯಂತೆ. ಹಾಗಾದರೆ ನಮ್ಮ ‘ಯೊಹಾನ್ನಾ’ ಅರ್ಧ ಸರಕು ಹೊತ್ತುಕೊಂಡೇ ಹೋಗುತ್ತಿರಬೇಕು, ನೀವಿಬ್ಬರೂ ಸರದಿಯಲ್ಲಿ ಚುಕ್ಕಾಣಿ ಹಿಡಿದು ಮಂಜನ್ನು ಬಯ್ಯುತ್ತಿರಬೇಕು ಎಂದುಕೊಳ್ಳುತ್ತೇನೆ. ನನ್ನ ಮಂಡಿ ಎಂದಿನಂತೆಯೇ ಇದೆ. ಕೆಮ್ಮು ಇದೆ, ಅದಕ್ಕೂ ನನಗೂ ಎಷ್ಟೋ ವರ್ಷದ ಸ್ನೇಹ. ದೂರು ಹೇಳುವಂಥದ್ದೇನೂ ಇಲ್ಲ.

ನೀನು ಈ ಮನೆ ಬಿಟ್ಟು ಏಳು ತಿಂಗಳು ದಾಟಿತು. ನಿನ್ನ ಹೆಸರಿಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ರೈಂಡರ್‌ಗೆ ಬರೆದಾಗಲೆಲ್ಲ ಕೊನೆಯಲ್ಲಿ ‘ಡೀನಾಳಿಗೂ ಹೇಳು’ ಎಂದು ಒಂದು ಸಾಲು ಸೇರಿಸುತ್ತಿದ್ದೆ, ಏನು ಹೇಳಬೇಕು ಎಂದು ಮಾತ್ರ ಬರೆಯುತ್ತಿರಲಿಲ್ಲ. ಇವತ್ತು ಬರೆಯುತ್ತೇನೆ. ಲಕೋಟೆ ಒಡೆಯುವಾಗ ಜೋಪಾನ, ಕಾಗದದ ಪೊಟ್ಟಣದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಹಿತ್ತಾಳೆಯ ಚೂರೊಂದನ್ನು ಇಟ್ಟಿದ್ದೇನೆ. ಬೆಳಕಿಗೆ ಹಿಡಿದು ನೋಡಿದರೆ ನಡುವೆ ಕೂದಲೆಳೆ ತೂರುವಷ್ಟು ತೂತು ಕಾಣುತ್ತದೆ. ಅದೇನು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಫೆಮ್ಕೆಯ ಸಮಾಚಾರ, ಇಲ್ಲದಿದ್ದರೆ ನೀನು ನಾಲ್ಕು ಸಾಲು ಹಾರಿಸಿ ಅಲ್ಲಿಗೇ ಹೋಗುತ್ತೀಯ.

ಮಗು ಕಳೆದ ಶುಕ್ರವಾರ ಹಡಗಿನವರ ಮಕ್ಕಳ ಹಾಸ್ಟೆಲ್ಲಿನಿಂದ ಬಸ್ಸಿನಲ್ಲಿ ಬಂದಳು. ನೀವು ಅಷ್ಟು ದೂರ ನದಿಯ ಮೇಲಿದ್ದುದರಿಂದ ಶನಿವಾರ ಭಾನುವಾರ ಅಜ್ಜನ ಮನೆಗೆ ಕಳಿಸಲೇ ಎಂದು ಅಲ್ಲಿಯ ಮೇಡಂ ಫೋನ್ ಮಾಡಿ ಕೇಳಿದ್ದರು. ಎರಡು ಬೆರಳಷ್ಟು ಎತ್ತರವಾಗಿದ್ದಾಳೆ, ಮುಂದಿನ ಹಲ್ಲೊಂದು ಬಿದ್ದಿದೆ, ಚೆನ್ನಾಗಿ ತಿನ್ನುತ್ತಾಳೆ. ಬಂದವಳೇ ಬೂಟು ಬಿಚ್ಚಿ ಅಡುಗೆಮನೆಯ ಒಲೆಯ ಪಕ್ಕ ಇಟ್ಟು, ಅದರೊಳಗೆ ರಾತ್ರಿ ಬಂದು ಮಕ್ಕಳಿಗೆ ಉಡುಗೊರೆ ಇಡುವ ಸಿಂಟರ್‌ಕ್ಲಾಸನ ಕುದುರೆಗೆಂದು ಒಂದು ಗಜ್ಜರಿ ಸಿಕ್ಕಿಸಿದಳು. ಬೇರೆ ಮಕ್ಕಳೆಲ್ಲ ಅಗ್ಗಿಷ್ಟಿಕೆಯ ಮುಂದೆ ಇಡುತ್ತಾರೆ, ನಮ್ಮ ಮನೆಯಲ್ಲಿ ಹೊಗೆಗೂಡಿಗೆ ಹತ್ತಿರವಾದದ್ದು ಈ ಒಲೆಯೊಂದೇ ಎಂದು ಅವಳ ವಾದ. ಇದೆಲ್ಲ ಸರಿ. ಆದರೆ ಎಂಟು ಗಂಟೆಗೆ ಮಲಗಿಸಲು ಹೋದಾಗ ನೋಡುತ್ತೇನೆ, ಬಟ್ಟೆ ಬಿಚ್ಚಿ ಚೌಕವಾಗಿ ಮಡಚಿ ಕುರ್ಚಿಯ ಮೇಲೆ ಇಟ್ಟು, ಕಾಲುಚೀಲವನ್ನು ಅದರ ಮೇಲೆ ಅಡ್ಡಲಾಗಿ ಹಾಕಿ, ಮಂಚದ ಪಕ್ಕ ಕೈ ಕೆಳಗೆ ಬಿಟ್ಟು ನಿಂತಿದ್ದಾಳೆ. ಮಲಗು ಎಂದು ಯಾರಾದರೂ ಹೇಳುವ ತನಕ ಹಾಗೇ ನಿಲ್ಲಬೇಕಂತೆ. ಏಳು ವರ್ಷದ ರೈಂಡರ್ ಹಾಸ್ಟೆಲ್ಲಿನಿಂದ ಮೊದಲ ಸಲ ಹಡಗಿಗೆ ಬಂದಾಗ ಹೀಗೆಯೇ ನಿಂತಿದ್ದ. ಹಿಲ್ಕೆ ಅಡುಗೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ನನ್ನ ಹೆಂಡತಿ ಅಳುವುದನ್ನು ನಾನು ಕೇಳಿಸಿಕೊಂಡೂ ಎಂಜಿನಿಗೆ ಎಣ್ಣೆ ಹಾಕಲು ಹೋಗಿದ್ದೆ.

ಆ ಸಂಕಟ ಇನ್ನೊಂದು ತಲೆಮಾರಿಗೆ ಬರಬಾರದು ಎಂದೇ ಅಲ್ಲವೇ ನಾವು ಇಷ್ಟೆಲ್ಲ ಮಾಡಿದ್ದು. ಹಿಲ್ಕೆ ತೀರಿಕೊಂಡ ಮೇಲೆ ನಾನು ದಡಕ್ಕೆ ಬಂದು ಈ ಮನೆ ಹಿಡಿದೆ. ಫೆಮ್ಕೆ ಶಾಲೆಗೆ ಸೇರುವ ವಯಸ್ಸಾದಾಗ ನೀನು ಗಂಡನನ್ನು ಕೂಲಿಯಾಳಿನ ಜೊತೆ ಹಡಗಿನಲ್ಲಿ ಬಿಟ್ಟು ಮಗುವನ್ನು ಕರೆದುಕೊಂಡು ನನ್ನ ಬಳಿ ಬಂದೆ. ತಾಯಿಯ ಕೈಯೂಟ ತಿಂದುಕೊಂಡು ಹುಡುಗಿ ಊರ ಶಾಲೆಗೆ ಹೋಗಲಿ, ಹಾಸ್ಟೆಲ್ಲಿನ ಮುಖ ನೋಡದಿರಲಿ ಎಂದು. ಎರಡು ವರ್ಷ ಹಾಗೆಯೇ ನಡೆಯಿತು. ಅದನ್ನು ಕೆಡಿಸಿದವನು ನಾನು, ಕೆಡಿಸಿದ್ದು ಒಂದು ಒಲೆಯ ಮೇಲಿನ ಹಟದಿಂದ.

ಶನಿವಾರ ಮಗುವಿಗೆ ಗಜ್ಜರಿ, ಈರುಳ್ಳಿ, ಆಲೂಗಡ್ಡೆ ಬೇಯಿಸಿ ಹಿಸುಕಿ, ಮೇಲೊಂದು ಸಾಸೇಜು ಇಟ್ಟು ಕೊಡೋಣ ಎಂದು ಹತ್ತೂವರೆಗೆ ಪಾತ್ರೆ ಏರಿಸಿದೆ. ಒಬ್ಬನೇ ಇದ್ದಾಗ ನನ್ನ ಅಡುಗೆ ಒಂದು ಮೊಟ್ಟೆ, ಎರಡು ಬಟ್ಟಲು ಕಾಫಿ. ಅಷ್ಟಕ್ಕೆ ಈ ಒಲೆ ಸಾಕು. ಅವತ್ತು ದೊಡ್ಡ ಪಾತ್ರೆ. ಹನ್ನೊಂದೂವರೆಗೆ ನೀರಿನಲ್ಲಿ ಒಂದು ಗುಳ್ಳೆ ಇಲ್ಲ. ಹನ್ನೆರಡಕ್ಕೆ ಚರ್ಚಿನ ಗಂಟೆ ಹೊಡೆಯಿತು. ನಾನು ಐವತ್ತು ವರ್ಷ ಹನ್ನೆರಡರ ಗಂಟೆಗೆ ತಟ್ಟೆಯ ಮುಂದೆ ಕೂತವನು, ಗಂಟೆ ತಪ್ಪಿದರೆ ನಿನ್ನ ಎದುರು ಚಮಚ ಕುಟ್ಟುತ್ತಿದ್ದವನು, ಅವತ್ತು ಒಂದು ಗಂಟೆಗೆ ಆಲೂಗಡ್ಡೆಗೆ ಮುಳ್ಳುಚಮಚ ಚುಚ್ಚಿದರೆ ಅದು ಟಕ್ ಎಂದಿತು. ಫೆಮ್ಕೆ ಮೇಜಿನ ಮೇಲೆ ಮೊಣಕೈ ಊರಿ ನೋಡುತ್ತಿದ್ದವಳು ಬಹಳ ಸಮಾಧಾನದಿಂದ ಹೇಳಿದಳು: “ಒಲೆಗೆ ಹುಷಾರಿಲ್ಲ ಅಜ್ಜ. ಅಮ್ಮ ಹೇಳ್ತಾನೇ ಇದ್ಲಲ್ಲ.”

ನಾವಿಬ್ಬರೂ ಬ್ರೆಡ್ಡು ಚೀಸು ತಿಂದೆವು. ತಿನ್ನುತ್ತ ಅವಳು ರಜೆಯಲ್ಲಿ ಕಂಡ ಹಡಗಿನ ಸುದ್ದಿಯೆಲ್ಲ ಹೇಳಿದಳು. ಅದರ ನಡುವೆ ಇನ್ನೊಂದು ಮಾತು ಹೇಳಿದಳು. ಹಡಗಿನಲ್ಲಿ ನೀನು ಅಡುಗೆ ಮುಗಿಸಿ ಹೊರಗೆ ಬಂದ ಮೇಲೆ ರೈಂಡರ್ ದಿನಾ ಒಳಗೆ ಹೋಗಿ ಒಲೆಯ ನಾಬುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿ ಬರುತ್ತಾನಂತೆ. ನೀನು ಆಗ ಕಿಟಕಿಯ ಕಡೆ ಮುಖ ಮಾಡಿ ನಿಲ್ಲುತ್ತೀಯಂತೆ. ಮಗು ಇದನ್ನು ದೂರಿನಂತೆ ಹೇಳಲಿಲ್ಲ, ಮನೆಯ ಪದ್ಧತಿಯೊಂದನ್ನು ಹೇಳುವ ಹಾಗೆ ಹೇಳಿದಳು.

ಭಾನುವಾರ ಸಂಜೆ ಅವಳನ್ನು ಬಸ್ಸಿಗೆ ಹತ್ತಿಸಿದೆ. ಸೋಮವಾರ ಬೆಳಗ್ಗೆಯೇ ಹೋಗಿ ಸೀಪ್ ಹೂಕ್‌ಸ್ಟ್ರಾನನ್ನು ಕರೆತಂದೆ. ನಿನಗೆ ಅವನು ಗೊತ್ತು, ಚರ್ಚಿನಲ್ಲಿ ನಮ್ಮ ಹಿಂದಿನ ಸಾಲಿನಲ್ಲಿ ಕೂತು ಒಂದು ಸಾಲು ತಡವಾಗಿ ಹಾಡುವ ಕಿವುಡ. ಗ್ಯಾಸಿನ ಇಲಾಖೆಯಲ್ಲಿ ಮೂವತ್ತು ವರ್ಷ ಮನೆಮನೆ ತಿರುಗಿ ಒಲೆ ರಿಪೇರಿ ಮಾಡಿದವನು. ಈಗ ನಿವೃತ್ತನಾದರೂ ಊರಿನ ಹೆಂಗಸರು ಬಿಡುವುದಿಲ್ಲ. ಕೋಟು ತೆಗೆಯುವ ಮೊದಲೇ ಕಥೆ ಶುರು. ಒಬ್ಬಳ ಒಲೆಯ ಲೈಟರು ದಿನವಿಡೀ ತಾನಾಗಿ ಟಿಕ್ ಟಿಕ್ ಅನ್ನುತ್ತಿತ್ತಂತೆ, ದೆವ್ವ ಎಂದು ಪಾದ್ರಿಗೆ ಹೇಳಿ ಕಳಿಸಿದ್ದಳಂತೆ. ಸೀಪ್ ಹೋಗಿ ನೋಡಿದರೆ ಬಕೆಟ್ಟಿನಿಂದ ನೀರು ಸುರಿದು ತೊಳೆದಿದ್ದಾಳೆ, ಒರೆಸಿ ಒಂದು ದಿನ ಒಣಗಲು ಬಿಟ್ಟರೆ ದೆವ್ವ ಹೋಯಿತು. ಇನ್ನೊಬ್ಬಳು ಗಲೀಜಾಗಬಾರದೆಂದು ಬರ್ನರಿನ ಸುತ್ತ ಬೆಳ್ಳಿಯಂಥ ಹಾಳೆ ಹೊದಿಸಿ, ಗಾಳಿ ಸಿಗದೆ ಬೆಂಕಿ ಹಳದಿಯಾಗಿ, ಪಾತ್ರೆಗಳ ತಳವೆಲ್ಲ ಮಸಿ ಮಾಡಿಕೊಂಡಿದ್ದಳಂತೆ. ಜನ ಒಲೆಯನ್ನು ಬಯ್ಯುತ್ತಾರೆ, ಒಲೆಯದು ಒಂದಾಣೆ ತಪ್ಪಾದರೆ ಮಿಕ್ಕ ಹದಿನೈದಾಣೆ ಕೈಯದು ಎಂದು ಅವನ ತೀರ್ಮಾನ. ನಾನು ತಲೆಯಾಡಿಸುತ್ತ ಕೂತಿದ್ದೆ. ನಾನೂ ನಿನಗೆ ಹೇಳಿದ್ದು ಅದನ್ನೇ ತಾನೆ: ಒಲೆಯನ್ನು ಬಯ್ಯಬೇಡ, ಕೈ ನೋಡಿಕೋ ಎಂದು.

ಮೊದಲು ಸೋಪಿನ ನೊರೆ ಮಾಡಿಸಿ ಪೈಪಿನ ಕೀಲುಗಳಿಗೆಲ್ಲ ಬಳಿದ. ಗುಳ್ಳೆ ಏಳಲಿಲ್ಲ, ಸೋರಿಕೆ ಇಲ್ಲ. ಕೀಲು ಬಿಗಿದವನು ನಾನು ಎಂದು ನನಗೆ ಹೆಮ್ಮೆ. ಆಮೇಲೆ ಬರ್ನರು ಹಚ್ಚಿ ಬಗ್ಗಿ ನೋಡಿದ. ಬೆಂಕಿ ಒಂದು ಪಕ್ಕ ಇದೆ, ಇನ್ನೊಂದು ಪಕ್ಕ ಇಲ್ಲ. ಆರಿಸಿ, ತಣ್ಣಗಾದ ಮೇಲೆ ಬರ್ನರಿನ ಹಿತ್ತಾಳೆಯ ಮುಚ್ಚಳ ಎತ್ತಿ ಮೂಗಿನ ಹತ್ತಿರ ಹಿಡಿದು, ಇದನ್ನು ಯಾರು ಪಾಲಿಶ್ ಮಾಡುತ್ತಾರೆ ಎಂದು ಕೇಳಿದ. ನಾನೇ, ಪ್ರತಿ ಶನಿವಾರ, ಎಂದೆ. ಹಡಗಿನಲ್ಲಿ ಭಾನುವಾರಕ್ಕೆ ಮೊದಲು ಹಿತ್ತಾಳೆ ಎನ್ನುವುದೆಲ್ಲ ಹೊಳೆಯಬೇಕು, ಗಂಟೆ, ದೀಪ, ಬಾಗಿಲ ಹಿಡಿ, ಎಲ್ಲ. ಮನೆಗೆ ಬಂದ ಮೇಲೆ ನನಗೆ ಉಜ್ಜಲು ಉಳಿದದ್ದು ಈ ಒಲೆಯ ಮುಂದಿನ ಕಂಬಿ, ಈ ಮೂರು ಮುಚ್ಚಳ. ನಿನಗೂ ನೆನಪಿರಬಹುದು, ಮುಟ್ಟಬೇಡ, ನೀನು ಗೀರು ಮಾಡುತ್ತೀಯ ಎಂದು ನಿನ್ನ ಕೈಯಿಂದ ಬಟ್ಟೆ ಕಿತ್ತುಕೊಂಡಿದ್ದೆ. ಸೀಪ್ ಸೂಜಿ ತೆಗೆದು ತೂತಿನೊಳಗೆ ಆಡಿಸಿದ. ಒಣಗಿದ ಪಾಲಿಶ್ ಸುಣ್ಣದ ಹಾಗೆ ಮೇಜಿನ ಮೇಲೆ ಉದುರಿತು. ಅರ್ಧಕ್ಕರ್ಧ ತೂತುಗಳನ್ನು ನಾನು ಇಷ್ಟು ವರ್ಷದಲ್ಲಿ ಮುಚ್ಚಿಬಿಟ್ಟಿದ್ದೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ತೂತೆಲ್ಲ ಬಿಡಿಸಿದ ಮೇಲೂ ಬೆಂಕಿ ಮೇಲೆ ಏಳಲಿಲ್ಲ. ಸೀಪ್ ಬಹಳ ಹೊತ್ತು ಒಲೆಯನ್ನೇ ನೋಡಿದ. ಈ ಮುಂದಿನ ಕಂಬಿ ಯಾಕೆ ಎಂದ. ಅಲೆಗೆ ಪಾತ್ರೆ ಜಾರದ ಹಾಗೆ, ಹಡಗಿನ ಒಲೆ ಇದು, ಎಂದೆ. ಹಡಗಿನಲ್ಲಿ ಸಿಲಿಂಡರ್ ಗ್ಯಾಸ್ ತಾನೆ ಎಂದ. ಹೌದೆಂದೆ. ಇಲ್ಲಿ ಪೈಪಿನ ಗ್ಯಾಸಿಗೆ ಯಾರು ಜೋಡಿಸಿದರು ಎಂದ. ನಾನೇ ಎಂದೆ, ನಲವತ್ತು ವರ್ಷ ನೀರಿನ ನಡುವೆ ಎಲ್ಲವನ್ನೂ ಕೈಯಾರೆ ರಿಪೇರಿ ಮಾಡಿದವನಿಗೆ ಒಂದು ನಟ್ಟು ಬಿಗಿಯಲು ಇನ್ನೊಬ್ಬ ಬೇಕೇ ಎಂದೂ ಸೇರಿಸಿದೆ. ಅವನು ಸಣ್ಣ ಸ್ಪ್ಯಾನರಿನಿಂದ ಬರ್ನರಿನ ಕೆಳಗಿದ್ದ ಜೆಟ್ಟನ್ನು ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡ. ಗ್ಯಾಸು ಹೊರಬರುವುದು ಆ ಚೂರಿನ ತೂತಿನಿಂದ. ಸಿಲಿಂಡರಿನ ಗ್ಯಾಸಿಗೆ ಕಸುವು ಜಾಸ್ತಿ, ಒತ್ತಡವೂ ಜಾಸ್ತಿ, ಅದಕ್ಕೆ ಸಣ್ಣ ತೂತು ಸಾಕು. ಪೈಪಿನ ಗ್ಯಾಸು ಸಾಧು, ಅದಕ್ಕೆ ದೊಡ್ಡ ತೂತು ಬೇಕು. ನಾನು ಒಲೆಯನ್ನು ತಂದೆ, ನಟ್ಟು ಬಿಗಿದೆ, ಜೆಟ್ಟು ಬದಲಿಸಬೇಕೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ದಡದಲ್ಲಿ ಹುಟ್ಟಿದವರು ಯಾರೂ ಈ ತಪ್ಪು ಮಾಡುವುದಿಲ್ಲವಂತೆ. ಹಡಗಿನಿಂದ ಇಳಿದ ನಮ್ಮಂಥವರ ಮನೆಯಲ್ಲಿ ಮಾತ್ರ ಇದನ್ನು ನೋಡಿದ್ದಾನಂತೆ, ಇದು ಮೂರನೆಯದು.

“ನಿನ್ನ ಒಲೆ ಇನ್ನೂ ಹಡಗಲ್ಲೇ ಇದೆ ಕಣೋ ಔಕೆ,” ಎಂದ. “ಇದರ ಮೇಲೆ ಎರಡು ವರ್ಷ ಯಾರು ಅಡುಗೆ ಮಾಡಿದ್ರು ಮಾರಾಯ? ಮೂರು ಜನಕ್ಕೆ?”

ಸೊಸೆ ಎಂದೆ. ಅವನು ಟೋಪಿಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿ, ದೇವರಂಥ ಹುಡುಗಿ ಎಂದ. ಕಿವುಡನಲ್ಲವೇ, ಬೀದಿಗೆ ಕೇಳುವ ಹಾಗೆ ಎಂದ.

ಡೀನಾ, ನಿನಗೆ ಕಳಿಸಿರುವ ಹಿತ್ತಾಳೆಯ ಚೂರು ಅದೇ. ನೀನು ಮೊದಲ ವಾರವೇ ಹೇಳಿದ್ದೆ, “ಮಾವ, ಒಲೆ ಯಾಕೋ ಸರಿ ಇಲ್ಲ, ಯಾರಿಗಾದ್ರೂ ತೋರಿಸೋಣ,” ಎಂದು. ಹಿಲ್ಕೆ ಇದೇ ಒಲೆಯ ಮೇಲೆ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದಳು, ಅವಳಿಗೆ ಸರಿ ಇದ್ದ ಒಲೆ ನಿನಗೆ ಹೇಗೆ ಸರಿ ಇಲ್ಲ ಎಂದು ನಾನು ಕೇಳಿದ್ದೆ. ಎರಡನೆಯ ಸಲ ಕೇಳಿದಾಗ ಬೇಕರಿಯವನ ಮಗಳಿಗೆ ಆಲೂಗಡ್ಡೆ ಬೇಯಿಸಲು ಬರುವುದಿಲ್ಲವೇ ಎಂದು ನಿನ್ನ ಅಪ್ಪನನ್ನೂ ಎಳೆದು ತಂದೆ. ಮೂರನೆಯ ಸಲ ನೀನು ಕೇಳಲಿಲ್ಲ, ಒಂಬತ್ತೂವರೆಗೇ ಪಾತ್ರೆ ಇಡಲು ಶುರು ಮಾಡಿದೆ. ಮಗುವಿನ ಹುಟ್ಟುಹಬ್ಬದ ಕೇಕ್ ಒಂದು ಕಡೆ ಕುಸಿದಾಗ ನಾನು ನೆರೆಯವರ ಮುಂದೆ ಏನು ಹೇಳಿದೆ ಎಂಬುದು ನಿನಗೆ ನೆನಪಿದೆ: ನಮ್ಮ ಸೊಸೆಗೆ ಹಡಗಿನ ನೆನಪು ಜಾಸ್ತಿ, ಕೇಕೂ ಎಡಕ್ಕೆ ವಾಲಿದೆ ಎಂದು. ಎಲ್ಲರೂ ನಕ್ಕರು. ನೀನೂ ನಕ್ಕೆ. ಸೀಪ್ ಒಲೆಯ ಮೇಲೆ ಮಟ್ಟಗೋಲು ಇಟ್ಟು ತೋರಿಸಿದ, ಎಡಗಡೆ ಒಂದೂವರೆ ಬೆರಳು ತಗ್ಗು. ಈ ಹಳೆಯ ಮನೆಯ ನೆಲ ಕಾಲುವೆಯ ಕಡೆಗೆ ಇಳಿಜಾರಾಗಿದೆ, ಒಲೆಯ ಕಾಲಿನ ಕೆಳಗೆ ಒಂದು ಹಲಗೆ ಚೂರು ಇಡಬೇಕಿತ್ತು, ಅಷ್ಟೆ. ಸಾಲದ್ದಕ್ಕೆ ಓವನ್ನಿನ ಬಾಗಿಲು ಒಂದು ಮೂಲೆಯಲ್ಲಿ ಕೂಡುತ್ತಿರಲಿಲ್ಲ, ಬಿಸಿಯೆಲ್ಲ ಅಲ್ಲಿಂದ ಹೊರಗೆ ಹೋಗುತ್ತಿತ್ತು. ಅಂಥ ಓವನ್ನಿನಲ್ಲಿ ನೀನು ಅಷ್ಟಾದರೂ ಉಬ್ಬಿಸಿದ್ದೇ ದೊಡ್ಡದು. ನೆರೆಯವರ ಮನೆಗೂ ಹೋಗಿ ಇದನ್ನು ಹೇಳಿ ಬಂದಿದ್ದೇನೆ. ಅವರಿಗೆ ಆ ಕೇಕು ನೆನಪೇ ಇರಲಿಲ್ಲ. ನೆನಪಿದ್ದದ್ದು ನಿನಗೂ ನನಗೂ ಮಾತ್ರ.

ಸಾರಿನ ದಿನದ ವಿಷಯಕ್ಕೆ ಬರಬೇಕು, ಬಾರದೆ ಬೇರೆ ದಾರಿಯಿಲ್ಲ. ಮಾರ್ಚಿನ ಆ ಬುಧವಾರ ನೀನು ಬಟಾಣಿ ಸಾರನ್ನು ಸಣ್ಣ ಉರಿಯಲ್ಲಿಟ್ಟು ಹಿತ್ತಲಿಗೆ ಬಟ್ಟೆ ಒಣಹಾಕಲು ಹೋಗಿದ್ದೆ. ಒಳಗೆ ಬಂದಾಗ ಬೆಂಕಿ ಆರಿತ್ತು, ಅಡುಗೆಮನೆಯೆಲ್ಲ ಗ್ಯಾಸ್ ವಾಸನೆ, ಶಾಲೆಯಿಂದ ಬಂದ ಫೆಮ್ಕೆ ಅಲ್ಲೇ ಮೇಜಿನ ಮುಂದೆ ಕೂತು ಚಿತ್ರಕ್ಕೆ ಬಣ್ಣ ಹಾಕುತ್ತಿದ್ದಳು. ನೀನು ಮಗುವನ್ನೆತ್ತಿಕೊಂಡು ಹೊರಗೆ ಓಡಿದೆ. ನಾನು ಕಾಲುವೆಯ ನೀರುಗೇಟಿನ ಹತ್ತಿರ ಹೋಗಿಬರುವ ಹಡಗು ನೋಡಿಕೊಂಡು ಅದೇ ಹೊತ್ತಿಗೆ ಬಂದವನು ಒಳಗೆ ಹೋಗಿ ನಾಬು ತಿರುಗಿಸಿ, ಕಿಟಕಿಗಳನ್ನೆಲ್ಲ ತೆಗೆದೆ. ಹೊರಗೆ ಬಂದು ನಿನಗೆ ಹೇಳಿದ ಮಾತನ್ನು ಇಲ್ಲಿ ಮತ್ತೆ ಬರೆಯುವ ಧೈರ್ಯ ಇಲ್ಲ. ನೀನು, ಹಚ್ಚಿದ್ದೇ ಹೌದು, ಉರಿಯುತ್ತಿತ್ತು, ನೋಡಿಯೇ ಹೋದೆ ಎಂದೆ. ನಾನು ಒಪ್ಪಲಿಲ್ಲ. ಅವತ್ತೇ ರೈಂಡರ್‌ಗೆ ಫೋನ್ ಮಾಡಿದೆ. ಒಂದು ವಾರ ಎರಡು ವಾರ ಅದೇ ಮಾತು ಕೇಳಿಕೇಳಿ ಕೊನೆಗೆ ನಿನಗೇ ಅನುಮಾನ ಬಂತು. ಈಸ್ಟರ್ ಆದ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ನೀನು ಹೇಳಿದ್ದು ನನ್ನ ಕಿವಿಯಿಂದ ಹೋಗಿಲ್ಲ. “ನನ್ನ ಮೇಲೆ ನನಗೇ ನಂಬಿಕೆ ಇಲ್ಲ ಮಾವ. ಹಾಸ್ಟೆಲ್ಲಲ್ಲಾದ್ರೆ ಮಗು ಕ್ಷೇಮವಾಗಿರ್ತಾಳೆ.”

ಸೀಪ್‌ಗೆ ಆ ದಿನದ ವಿಷಯ ಹೇಳಿದೆ. ಅವನು ತಲೆ ಅಲ್ಲಾಡಿಸಿದ. ಬರ್ನರಿನ ಪಕ್ಕದಲ್ಲಿ ಒಂದು ಪುಟ್ಟ ಕಡ್ಡಿ ನಿಂತಿದೆಯಲ್ಲ, ಅದು ಬೆಂಕಿಗೆ ಬಿಸಿಯಾಗಿ ಇರುವ ತನಕ ಗ್ಯಾಸು ಬರುತ್ತದೆ, ಬೆಂಕಿ ಆರಿದರೆ ಅದು ತಣ್ಣಗಾಗಿ ಅರ್ಧ ಮುಕ್ಕಾಲು ನಿಮಿಷದಲ್ಲಿ ಗ್ಯಾಸು ತಾನಾಗಿ ನಿಲ್ಲುತ್ತದೆ. ಅದಕ್ಕೇ ಹಚ್ಚುವಾಗ ನಾಬನ್ನು ಒತ್ತಿ ಹಿಡಿದುಕೊಂಡು ಕಾಯಬೇಕು. ಕಡ್ಡಿ ಕಾಯುವ ಮೊದಲೇ ಕೈ ಬಿಟ್ಟರೆ ಆರಿಹೋಗುತ್ತದೆ. ನಮ್ಮ ಒಲೆಯ ಉರಿ ಎಷ್ಟು ಚಿಕ್ಕದೆಂದರೆ ಕಡ್ಡಿಗೆ ಸರಿಯಾಗಿ ತಾಗುತ್ತಲೇ ಇರಲಿಲ್ಲ, ಎರಡು ನಿಮಿಷ ಒತ್ತಿ ಹಿಡಿದರೂ ಒಮ್ಮೊಮ್ಮೆ ನಿಲ್ಲುತ್ತಿರಲಿಲ್ಲ. ನೀನು ಹೆಬ್ಬೆರಳು ಉಜ್ಜಿಕೊಳ್ಳುತ್ತ ನಿಂತಿರುತ್ತಿದ್ದುದು ಅದಕ್ಕೇ. ಸೀಪ್ ಬೆಂಕಿ ಹಚ್ಚಿ, ಊದಿ ಆರಿಸಿ, ಗಡಿಯಾರ ನೋಡಿದ. ನಲವತ್ತು ಸೆಕೆಂಡಿಗೆ ಒಳಗೆ ಕಟಕ್ ಎಂದು ಮುಚ್ಚಿಕೊಂಡಿತು. ಮೂರು ಸಲ ಮಾಡಿದ, ಮೂರು ಸಲವೂ ಹಾಗೇ. ಇದು ಆರಿದ ಮೇಲೆ ಮನೆ ತುಂಬುವಷ್ಟು ಗ್ಯಾಸ್ ಬಿಡುವ ಒಲೆಯೇ ಅಲ್ಲ, ಹಾಗಾದರೆ ಅವತ್ತು ಹೇಗಾಯಿತು ಎಂದು ನನ್ನ ಮುಖ ನೋಡಿದ. ಅವನಿಗೆ ಕಿವಿ ಕೇಳಿಸುವುದಿಲ್ಲ ಎಂಬ ನೆವದಲ್ಲಿ ನಾನು ಉತ್ತರ ಕೊಡಲಿಲ್ಲ.

ತನ್ನ ಹಳೆಯ ತಂಬಾಕಿನ ಡಬ್ಬಿಯಿಂದ ದೊಡ್ಡ ತೂತಿನ ಜೆಟ್ಟುಗಳನ್ನು ಹುಡುಕಿ ಹಾಕಿದ. ಬಾಗಿಲಿನ ಬಿಜಾಗರಿ ಸರಿಮಾಡಿದ, ಕಾಲಿನ ಕೆಳಗೆ ಹಲಗೆ ಇಟ್ಟ. ಆಮೇಲೆ ಹಚ್ಚಿದ. ಡೀನಾ, ಉರಿ ನೀಲಿಯಾಗಿ, ಸುತ್ತಲೂ ಒಂದೇ ಸಮನಾಗಿ, ಬುಸ್ಸೆಂದು ಎದ್ದಿತು. ಹಿಲ್ಕೆ ಹೋದ ಮೇಲೆ ಆ ಸದ್ದನ್ನು ನಾನು ಕೇಳಿರಲಿಲ್ಲ, ಕೇಳಿಲ್ಲ ಎಂಬುದೂ ನನಗೆ ಗೊತ್ತಾಗಿರಲಿಲ್ಲ. ಸೀಪ್ ಹೋದ ಮೇಲೆ ಶನಿವಾರದ ಅದೇ ಪಾತ್ರೆಗೆ ಅಷ್ಟೇ ಆಲೂಗಡ್ಡೆ ಹಾಕಿ ಇಟ್ಟೆ. ನೀರು ಕುದಿ ಬಂದ ಮೇಲೆ ಇಪ್ಪತ್ತೇ ನಿಮಿಷಕ್ಕೆ ಬೆಂದಿತು. ಹನ್ನೆರಡಕ್ಕೆ ಗಂಟೆ ಹೊಡೆದಾಗ ಬಿಸಿ ತಟ್ಟೆಯ ಮುಂದೆ ಕೂತಿದ್ದೆ, ತಿನ್ನಲಾಗಲಿಲ್ಲ. ಅಳು ಬಂತು. ಎಪ್ಪತ್ತೊಂದು ವರ್ಷದವನು ಆಲೂಗಡ್ಡೆ ಮುಂದಿಟ್ಟುಕೊಂಡು ಅಳುತ್ತಿದ್ದುದನ್ನು ಅಂಚೆಯವನು ಕಿಟಕಿಯಲ್ಲಿ ನೋಡಿ ಕಾಗದ ಹಾಕಿ ಸುಮ್ಮನೆ ಹೋದ. ನನ್ನ ಹೆಂಡತಿಯ ಒಲೆಯನ್ನು ಉಳಿಸಿಕೊಳ್ಳಲು ಹೋಗಿ ನನ್ನ ಮಗನ ಹೆಂಡತಿಯನ್ನು ಮನೆ ಬಿಡಿಸಿದೆ. ಹಿಲ್ಕೆ ಇದ್ದಿದ್ದರೆ ಅದೇ ಒಲೆಯ ಚಿಮಟಿಗೆಯಿಂದ ನನಗೆ ಬಾರಿಸುತ್ತಿದ್ದಳು.

ಈಗ ನಾನು ಕೇಳುವುದು ಇಷ್ಟು. ಡಿಸೆಂಬರ್ ಐದಕ್ಕೆ ಸಿಂಟರ್‌ಕ್ಲಾಸನ ಹಬ್ಬ. ಅಷ್ಟು ಹೊತ್ತಿಗೆ ನೀವು ಹೇಗೂ ಈ ಕಡೆ ಬರುತ್ತೀರಿ. ಫೆಮ್ಕೆಯನ್ನು ಕರೆದುಕೊಂಡು ಮನೆಗೆ ಬಾ. ಕ್ರಿಸ್ಮಸ್ ಕಳೆದ ಮೇಲೆ ಅವಳು ಮತ್ತೆ ಊರ ಶಾಲೆಗೆ ಹೋಗಬಹುದು, ಹೆಡ್‌ಮಾಸ್ತರರನ್ನು ಕೇಳಿದ್ದೇನೆ, ಅವಳ ಜಾಗ ಹಾಗೇ ಇದೆ. ಈ ಒಲೆ ಬೇಡ ಎಂದರೆ ಬೇಡ, ನೀನೇ ಅಂಗಡಿಗೆ ಹೋಗಿ ನಿನಗೆ ಬೇಕಾದದ್ದನ್ನು ಆರಿಸು. ಇದನ್ನು ನಾನು ಹಿತ್ತಲ ಕೊಟ್ಟಿಗೆಯಲ್ಲಿಟ್ಟು ಪಾಲಿಶ್ ಮಾಡಿಕೊಂಡಿರುತ್ತೇನೆ. ನಾನೇ ಬೇಡ ಎಂದರೆ ಅದಕ್ಕೂ ದಾರಿ ಇದೆ. ಕಾಲುವೆಯ ಆಚೆ ವಯಸ್ಸಾದ ಹಡಗಿನವರಿಗೆಂದೇ ಇರುವ ಮನೆಗಳಲ್ಲಿ ಒಂದು ಕೋಣೆ ಖಾಲಿ ಇದೆ. ಅಲ್ಲಿಂದ ಈ ಅಡುಗೆಮನೆಯ ಕಿಟಕಿ ಕಾಣುತ್ತದೆ, ನನಗೆ ಅಷ್ಟು ಸಾಕು. ಮಗು ಮಂಚದ ಪಕ್ಕ ಹಾಗೆ ನಿಲ್ಲಬಾರದು.

ರೈಂಡರ್‌ಗೆ ನನ್ನ ಆಶೀರ್ವಾದ ತಿಳಿಸು, ಮಂಜಿನಲ್ಲಿ ಹಟ ಮಾಡಿ ಹೋಗಬೇಡ, ಲಂಗರು ಹಾಕು ಎಂದು ಹೇಳು. ನಿನ್ನ ಅಪ್ಪ ಅಮ್ಮನಿಗೆ ಬರೆಯುವಾಗ ನನ್ನ ನಮಸ್ಕಾರ, ನಿನ್ನ ಅಪ್ಪನಿಗೆ ವಿಶೇಷವಾಗಿ. ನಿನ್ನ ಕೈಗಳು ಬಿರಿಯದಿರಲಿ. ನೀರು ನಿಮ್ಮನ್ನು ಹೊತ್ತು ಕ್ಷೇಮವಾಗಿ ಈ ದಡಕ್ಕೆ ತರಲಿ.

ಇಂತು ನಿನ್ನ ಮಾವ,
ಔಕೆ

ಮರೆತ ಮಾತು: ಮರೆತದ್ದಲ್ಲ. ಇಷ್ಟುದ್ದ ಬರೆದೂ ಬರೆಯದೆ ಉಳಿಸಿಕೊಂಡದ್ದು. ಹಾರ್ಮೆನ್‌ನ ಹಡಗು ನೀರುಗೇಟಿನಲ್ಲಿ ನಿಂತಿದೆ, ಭಾನುವಾರದೊಳಗೆ ನಿಮ್ಮನ್ನು ನದಿಯ ಮೇಲೆ ಸೇರುತ್ತಾನೆ, ಕಾಗದ ಅವನ ಕೈಗೆ ಕೊಡಬೇಕು. ಅವನು ಆಗಲೇ ಎರಡು ಸಲ ಹಾರ್ನ್ ಹೊಡೆದ, ಅದಕ್ಕೇ ಅವಸರ.

ಪೊಟ್ಟಣದಲ್ಲಿ ಹಿತ್ತಾಳೆಯ ಜೊತೆ ಒಂದು ಮರದ ಚೂರೂ ಇದೆ. ಹಿಲ್ಕೆಯ ಬಟ್ಟೆಕ್ಲಿಪ್ಪಿನ ಅರ್ಧ, ತುದಿಯನ್ನು ನಾನೇ ಚಾಕುವಿನಿಂದ ಕೆತ್ತಿದ್ದು. ನಾಬು ಒತ್ತಿ ಹಿಡಿದು ಕಾಯುವ ತಾಳ್ಮೆ ನನಗೆ ಇರಲಿಲ್ಲ. ನಾಬಿಗೂ ಮುಂದಿನ ಕಂಬಿಗೂ ನಡುವೆ ಇದನ್ನು ಸಿಕ್ಕಿಸಿದರೆ ನಾಬು ಒತ್ತಿಕೊಂಡೇ ಇರುತ್ತದೆ, ಕಾಫಿಗೆ ಹಾಗೆ ಮಾಡುತ್ತಿದ್ದೆ. ಹಾಗೆ ಸಿಕ್ಕಿಸಿದರೆ ಬೆಂಕಿ ಆರಿದರೂ ಗ್ಯಾಸು ನಿಲ್ಲುವುದಿಲ್ಲ. ಆ ಬುಧವಾರ ನೀನು ಹಿತ್ತಲಿನಲ್ಲಿದ್ದಾಗ ನಾನು ಅಡುಗೆಮನೆಗೆ ಬಂದೆ. ನಿನ್ನ ಸಾರಿನ ಬೆಂಕಿ ಆರಿತ್ತು, ಗ್ಯಾಸು ತಾನಾಗಿ ನಿಂತಿತ್ತು. ನಾನು ಮತ್ತೆ ಹಚ್ಚಿದೆ, ಇದನ್ನು ಸಿಕ್ಕಿಸಿದೆ, ನೀರುಗೇಟಿನ ಕಡೆ ಹೋದೆ. ಆ ಸಣ್ಣ ಉರಿ ಮತ್ತೆ ಆರಿರಬೇಕು. ವಾಪಸ್ಸು ಬಂದು ಒಳಗೆ ಓಡಿದಾಗ ಮೊದಲು ಕಂಡದ್ದು ಇದೇ. ಜೇಬಿಗೆ ಹಾಕಿಕೊಂಡೆ. ಜೇಬಿನಲ್ಲಿ ಇಟ್ಟುಕೊಂಡೇ ನಿನ್ನನ್ನು ಬಯ್ದೆ, ಅದನ್ನು ಮುಟ್ಟಿಕೊಂಡೇ ರೈಂಡರ್‌ಗೆ ಫೋನ್ ಮಾಡಿದೆ. ಎಂಟು ತಿಂಗಳಿಂದ ನನಗೆ ಗೊತ್ತಿತ್ತು. ಒಲೆಯ ರೋಗ ತಿಳಿದದ್ದು ಈ ಸೋಮವಾರ, ಇದಲ್ಲ.

ಅವತ್ತು ನೀನು ಯಾವ ತಪ್ಪೂ ಮಾಡಿರಲಿಲ್ಲ. ಕ್ಷಮಿಸು ಎಂದು ಕೇಳುವುದನ್ನು ಎದುರಿಗೆ ಬಂದು ಕೇಳುತ್ತೇನೆ. ಈ ಕಾಗದ ಕೈಸೇರಿದ ದಿನ ಸಂಜೆ ನೀನು ಅಡುಗೆ ಮುಗಿಸಿ ಬಂದ ಮೇಲೆ ರೈಂಡರ್ ನಾಬು ಮುಟ್ಟಿ ನೋಡಲು ಒಳಗೆ ಹೊರಡುತ್ತಾನಲ್ಲ, ಅವನನ್ನು ನಿಲ್ಲಿಸಿ ಈ ಮರದ ಚೂರನ್ನು ಅವನ ಕೈಗೆ ಕೊಡು.